ತೋಟದ ಚುಕ್ಕೆಬೆಕ್ಕು, ಸುರಂಗದ ‘ಸಲಮಾಂಡರ್’: ಯಾವುದು ಹೌದು, ಯಾವುದು ಅಲ್ಲ?

ಪ್ರಶ್ನೆ: ನಮ್ಮದು ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ಅಡಕೆ ತೋಟ. ರಾತ್ರಿ ನೀರು ಬಿಡಲು ಹೋದಾಗ ಮೈತುಂಬ ಕಪ್ಪು ಚುಕ್ಕೆ ಇರುವ, ಮನೆಬೆಕ್ಕಿನಷ್ಟೇ ದೊಡ್ಡ ಪ್ರಾಣಿ ಎರಡು ಸಲ ಕಂಡಿದೆ. ಚಿರತೆ ಮರಿ ಎನ್ನುತ್ತಾರೆ ಕೆಲಸದವರು. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ಗೋಡೆಯಲ್ಲಿ ನಾಲ್ಕು ಕಾಲು, ಬಾಲ ಇರುವ ಕಂದು ಜೀವಿಯೊಂದನ್ನು ನೋಡಿದೆವು. ಸುರಂಗದ ಕೆರೆಯ ಕೆಸರು ತೆಗೆಯುವಾಗ ನೇರಳೆ ಬಣ್ಣದ, ಕಾಲಿಲ್ಲದ, ಜಾರುವ ಮೈಯ ಇನ್ನೊಂದು ಸಿಕ್ಕಿತು. ಮಗಳಿಗೆ ಶಾಲೆಯಲ್ಲಿ ‘ಚಿರತೆಬೆಕ್ಕು ಮತ್ತು ಹಿಮಾಲಯದ ಸಲಮಾಂಡರ್: ಹೋಲಿಸಿ’ ಎಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎರಡೂ ನಮ್ಮ ತೋಟದಲ್ಲೇ ಇವೆ ಎಂಬುದು ಅವಳ ವಾದ. ಹೌದೇ? ಈ ಎರಡಕ್ಕೆ ಹೋಲಿಕೆ ಎಂಬುದು ಏನಾದರೂ ಇದೆಯೇ? ತೋಟದಲ್ಲಿ ನಾವು ಏನು ಜಾಗ್ರತೆ ಮಾಡಬೇಕು?

ಉತ್ತರ: ಮಗಳ ವಾದ ಅರ್ಧ ಸರಿ. ಬೆಕ್ಕು ನಿಮ್ಮಲ್ಲಿ ಇರುವ ಸಾಧ್ಯತೆ ತುಂಬ ಇದೆ. ಸಲಮಾಂಡರ್ (ಕಪ್ಪೆಯಂತೆ ಉಭಯಚರ, ಆದರೆ ಬಾಲವಿರುವುದು) ಮಾತ್ರ ನಿಮ್ಮ ಸುರಂಗದಲ್ಲಿಲ್ಲ. ಕಾಸರಗೋಡಿನಲ್ಲೂ ಇಲ್ಲ, ಇಡೀ ಪಶ್ಚಿಮ ಘಟ್ಟದಲ್ಲೂ ಇಲ್ಲ. ಆದರೆ ಕೆಸರಲ್ಲಿ ಸಿಕ್ಕಿದ ಆ ಕಾಲಿಲ್ಲದ್ದು ಸಲಮಾಂಡರಿನ ದೂರದ ದಾಯಾದಿ. ಪ್ರಾಜೆಕ್ಟಿಗೆ ಅದೇ ಒಳ್ಳೆಯ ಸಾಮಗ್ರಿ.

ಮೊದಲು ಬೆಕ್ಕಿನ ವಿಷಯ ಮುಗಿಸೋಣ. ಮುಳಿಯಾರು, ಇರಿಯಣ್ಣಿ ಕಡೆ ಚಿರತೆಯ ಸುದ್ದಿ ಬಂದ ಮೇಲೆ ಚುಕ್ಕೆ ಕಂಡದ್ದೆಲ್ಲ ಚಿರತೆಯೇ ಆಗಿದೆ. ಮನೆಬೆಕ್ಕಿನ ಗಾತ್ರದ ಚಿರತೆ ಮರಿ ಎಂದರೆ ಅದಕ್ಕೆ ಎರಡು-ಮೂರು ತಿಂಗಳು. ಆ ವಯಸ್ಸಿನದು ಒಂಟಿಯಾಗಿ ತೋಟ ಸುತ್ತುವುದಿಲ್ಲ. ನಡಿಗೆ ತಡವರಿಸುತ್ತದೆ, ಪಂಜ ಮೈಗೆ ಹೋಲಿಸಿದರೆ ತೀರ ದೊಡ್ಡದು, ರೋಮ ಮಬ್ಬು. ನೀವು ಕಂಡದ್ದು ಚುರುಕಾಗಿ, ಒಂಟಿಯಾಗಿ, ಎರಡು ಸಲವೂ ಅದೇ ದಾರಿಯಲ್ಲಿ ಹೋಗಿದ್ದರೆ ಅದು ಬೆಳೆದ ಚಿರತೆಬೆಕ್ಕು. ಮಲಯಾಳದಲ್ಲಿ ಪುಲಿಪ್ಪೂಚ್ಚ ಎನ್ನುವುದು ಇದನ್ನೇ. ಶಾಸ್ತ್ರೀಯ ಹೆಸರು ಪ್ರಯೊನೈಲುರಸ್ ಬೆಂಗಾಲೆನ್ಸಿಸ್. ಹೆಸರಿಟ್ಟದ್ದು 1792ರಲ್ಲಿ.

ಗುರುತು ಹಿಡಿಯಲು ಮುಖ ನೋಡಬೇಕು. ಹಣೆಯಿಂದ ಕುತ್ತಿಗೆಯ ಹಿಂಭಾಗಕ್ಕೆ ನಾಲ್ಕು ಕಪ್ಪು ಪಟ್ಟೆ ಎಳೆದಂತಿರುತ್ತದೆ. ಮೂಗಿನ ಬದಿಯಿಂದ ಕಣ್ಣಿನ ನಡುವೆ ಮೇಲಕ್ಕೆ ಎರಡು ಬಿಳಿ ಗೆರೆ. ಮೈಯ ಚುಕ್ಕೆಗಳು ಬಹುಮಟ್ಟಿಗೆ ತುಂಬಿದ ಚುಕ್ಕೆಗಳು. ಚಿರತೆಯದ್ದು ಹಾಗಲ್ಲ, ಅದರ ಬೆನ್ನಿನ ಮಚ್ಚೆ ಒಡೆದ ಉಂಗುರದಂತೆ, ನಡುವೆ ಹಳದಿ ಉಳಿದಿರುತ್ತದೆ. ಬಾಲವೂ ಸುಳಿವು ಕೊಡುತ್ತದೆ. ಚಿರತೆಯದು ಬಲು ಉದ್ದ, ಚಿರತೆಬೆಕ್ಕಿನದು ಮೈಯ ಅರ್ಧದಷ್ಟು, ಮೇಲೆಲ್ಲ ಚುಕ್ಕೆ, ತುದಿಗೆ ಬಳೆ. ಕಿವಿಯ ಹಿಂದಿನ ಬಿಳಿ ಬೊಟ್ಟನ್ನು ನಂಬಿ ಮೋಸ ಹೋಗುವವರು ಬಹಳ. ಅದು ಎರಡಕ್ಕೂ ಇದೆ. ಕಣ್ಣಿನ ಪಾಪೆ ಚಿರತೆಗೆ ಗುಂಡಗೆ, ಚಿರತೆಬೆಕ್ಕಿಗೆ ಹಗಲಲ್ಲಿ ಸೀಳು. ಆದರೆ ಕತ್ತಲಲ್ಲಿ ಸೀಳೂ ಹಿಗ್ಗಿ ಗುಂಡಗಾಗುತ್ತದೆ, ಹಾಗಾಗಿ ರಾತ್ರಿ ಈ ಪರೀಕ್ಷೆ ಕೆಲಸಕ್ಕೆ ಬಾರದು.

ಇನ್ನೂ ಮೂರು ಪ್ರಾಣಿಗಳನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಚುಕ್ಕೆಯೇ ಇಲ್ಲದೆ ಮಣ್ಣಬಣ್ಣದ್ದಾಗಿ, ಉದ್ದ ಕಾಲು, ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಜುಟ್ಟು ಇದ್ದರೆ ಅದು ಕಾಡುಬೆಕ್ಕು. ಬೂದು ಮೈಯಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಸಾಲಾಗಿದ್ದು, ಮನೆಬೆಕ್ಕಿಗಿಂತಲೂ ಪುಟ್ಟದಾಗಿದ್ದರೆ ತುಕ್ಕುಚುಕ್ಕೆ ಬೆಕ್ಕು. ಪೂರ್ತಿ ಬೆಳೆದದ್ದೂ ಒಂದರಿಂದ ಒಂದೂವರೆ ಕಿಲೋ ಅಷ್ಟೇ, ಜಗತ್ತಿನ ಅತಿ ಚಿಕ್ಕ ಕಾಡು ಬೆಕ್ಕುಗಳಲ್ಲಿ ಒಂದು, ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಮೂತಿ ಚೂಪಾಗಿ, ಮೈ ಉದ್ದವಾಗಿ, ಕಾಲು ಗಿಡ್ಡವಾಗಿದ್ದರೆ ಪುನುಗು ಅಥವಾ ಮರಬೆಕ್ಕು. ಹೆಸರಲ್ಲಿ ಬೆಕ್ಕಿದ್ದರೂ ಇವು ಬೆಕ್ಕಿನ ಕುಟುಂಬದವಲ್ಲ.

ಪ್ರಾಣಿಯ ಹಿಂದೆ ಟಾರ್ಚ್ ಹಿಡಿದು ಓಡುವುದಕ್ಕಿಂತ ಕೆಸರಲ್ಲಿ ಹೆಜ್ಜೆ ಹುಡುಕುವುದು ಒಳ್ಳೆಯದು. ನೀರು ಬಿಟ್ಟ ಮರುದಿನ ಬೆಳಿಗ್ಗೆ ತೋಡಿನ ಬದಿಗೆ ಹೋಗಿ. ಹೆಜ್ಜೆಯ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಆ ನಾಣ್ಯದ ಅಡ್ಡಳತೆ 27 ಮಿ.ಮೀ. ಚಿರತೆಬೆಕ್ಕಿನ ಹೆಜ್ಜೆ ನಾಣ್ಯಕ್ಕಿಂತ ತುಸು ದೊಡ್ಡದು, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಣ್ಯವನ್ನು ಎರಡೂವರೆ-ಮೂರು ಸಲ ಅಡ್ಡಕ್ಕೆ ಇಡುವಷ್ಟು ಅಗಲವಿದ್ದರೆ ಅದು ಚಿರತೆ, ಆಗ ಅರಣ್ಯ ಇಲಾಖೆಗೆ ಫೋನ್ ಮಾಡಿ. ಐದು ಬೆರಳು ಮೂಡಿದ್ದರೆ ಪುನುಗಿನ ಬಳಗ. ನಾಲ್ಕೇ ಬೆರಳಿದ್ದು ಉಗುರು ಮೂಡಿದ್ದರೆ ನಾಯಿ. ಮನೆಬೆಕ್ಕನ್ನೂ ಚಿರತೆಬೆಕ್ಕನ್ನೂ ಹೆಜ್ಜೆಯಿಂದ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೆ ಮುಖದ ಪಟ್ಟೆಯೇ ಬೇಕು.

ಈಗ ಸುರಂಗದ ಗೋಡೆಯಲ್ಲಿದ್ದದ್ದು. ಮುರಕಲ್ಲಿನ ಸುರಂಗ ಒಳಗೆ ವರ್ಷವಿಡೀ ತಂಪು, ಗೋಡೆ ಒದ್ದೆ, ಬೆಳಕು ಬಾಯಿಯಿಂದ ಕೆಲವು ಅಡಿ ಮಾತ್ರ. ಸಲಮಾಂಡರಿಗೆ ಹೇಳಿ ಮಾಡಿಸಿದ ಜಾಗ ಎಂದು ಯಾರಿಗಾದರೂ ಅನ್ನಿಸಬೇಕು. ಆದರೂ ಅಲ್ಲಿ ಗೋಡೆಗೆ ಅಂಟಿ ಕೂರುವುದು ಹಲ್ಲಿಯ ಬಳಗದ್ದೇ. ಫೋಟೋ ಇದ್ದರೆ ಮಗಳಿಗೆ ಬೆರಳು ಎಣಿಸಲು ಹೇಳಿ. ಹಲ್ಲಿಗೆ ಮುಂಗಾಲಲ್ಲೂ ಐದು ಬೆರಳು, ತುದಿಯಲ್ಲಿ ಉಗುರು. ಸಲಮಾಂಡರಿಗೆ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು, ಉಗುರೇ ಇಲ್ಲ. ಹಲ್ಲಿಯ ತಲೆಯ ಪಕ್ಕದಲ್ಲಿ ಕಿವಿಯ ತೂತು ಕಾಣುತ್ತದೆ, ಸಲಮಾಂಡರಿಗೆ ಕಾಣುವಂಥ ಕಿವಿಯಿಲ್ಲ. ನಮ್ಮ ಹಲ್ಲಿಗಳಿಗೆ ಕಣ್ಣುರೆಪ್ಪೆ ಇಲ್ಲ, ಸಲಮಾಂಡರಿಗೆ ಇದೆ. ಹಲ್ಲಿಯ ಮೈಯಲ್ಲಿ ಒಣ ಹುರುಪೆ, ಸಲಮಾಂಡರಿನ ಮೈ ಒದ್ದೆ ಚರ್ಮ. ನೆಲದಲ್ಲಿ ಹರಿದಾಡುವ, ಮಿರಿಮಿರಿ ಮಿಂಚುವ ಅರಣೆಯನ್ನೂ ಸಲಮಾಂಡರ್ ಎಂದವರಿದ್ದಾರೆ. ‘ಅರಣ ಕಡಿಚ್ಚಾಲ್ ಉಡನೆ ಮರಣಂ’ (ಅರಣೆ ಕಚ್ಚಿದರೆ ಕೂಡಲೇ ಸಾವು) ಎಂಬ ಮಲಯಾಳದ ಮಾತು ನಮ್ಮ ಗಡಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಪ್ರಾಸಕ್ಕೆ ಚೆನ್ನಾಗಿದೆ, ಆದರೆ ಅರಣೆಗೆ ವಿಷವೇ ಇಲ್ಲ.

ಇನ್ನೊಂದು ಮೋಸ ಮಳೆಗಾಲದಲ್ಲಿ. ಪದವಿನ (ಮುರಕಲ್ಲಿನ ಬಯಲುಗುಡ್ಡದ) ಪಳ್ಳಗಳಲ್ಲಿ, ಎಂದರೆ ಮಳೆನೀರು ನಿಂತ ಹೊಂಡಗಳಲ್ಲಿ, ಸುರಂಗದ ಕೆರೆಯಲ್ಲಿ ಬಾಲವೂ ಕಾಲೂ ಎರಡೂ ಇರುವ ಮರಿಗಳು ಕಾಣುತ್ತವೆ. ಅವು ಕಪ್ಪೆ ಆಗುತ್ತಿರುವ ಗೊದಮೊಟ್ಟೆಗಳು. ಗೊದಮೊಟ್ಟೆಗೆ ಹಿಂಗಾಲು ಮೊದಲು ಮೂಡುತ್ತದೆ. ಸಲಮಾಂಡರ್ ಮರಿಗೆ ಮುಂಗಾಲು ಮೊದಲು, ಜೊತೆಗೆ ಕುತ್ತಿಗೆಯ ಎರಡೂ ಬದಿ ಗರಿಯಂಥ ಕಿವಿರುಗಳು ಹೊರಗೇ ಇರುತ್ತವೆ.

ಕೆಸರಲ್ಲಿ ಸಿಕ್ಕಿದ ನೇರಳೆ ಜೀವಿಗೆ ಬರೋಣ. ಹಾವೆಂದು ಹೊಡೆದು ಹಾಕದೆ ಇದ್ದದ್ದು ನಿಮ್ಮ ಪುಣ್ಯ. ಅದು ಸಿಸಿಲಿಯನ್, ಕಾಲಿಲ್ಲದ ಉಭಯಚರ. ಮೈಯ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಹಳದಿ ಪಟ್ಟೆ ಇದ್ದರೆ ಇಕ್ತಿಯೋಫಿಸ್ ಕುಲದ್ದು ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಮೈಯುದ್ದಕ್ಕೂ ಉಂಗುರದಂಥ ಮಡಿಕೆಗಳಿರುವುದರಿಂದ ಎರೆಹುಳದಂತೆ ಕಾಣುತ್ತದೆ, ಆದರೆ ಎರೆಹುಳಕ್ಕೆ ದವಡೆಯೂ ಹಲ್ಲೂ ಇಲ್ಲ, ಇದಕ್ಕಿದೆ. ಗೊಬ್ಬರದಲ್ಲಿ ಸಿಗುವ ಕಪ್ಪು ಹುಳಹಾವಿನ ಮೈ ಒಣಗಿ ಹೊಳೆಯುತ್ತದೆ, ಇದರದು ಲೋಳೆ. ಕಣ್ಣು ಚರ್ಮದಡಿ ಹುದುಗಿ ಚುಕ್ಕೆಯಂತೆ ಕಾಣುತ್ತದೆ. ಭೂತಕನ್ನಡಿ ಹಿಡಿದರೆ ಕಣ್ಣಿಗೂ ಮೂಗಿಗೂ ನಡುವೆ ಸಣ್ಣ ಕುಡಿಯೊಂದು ಹೊರಗೆ ಬಂದು ಒಳಗೆ ಹೋಗುವುದು ಕಾಣಬಹುದು. ಮಣ್ಣಿನೊಳಗೆ ವಾಸನೆ ಹಿಡಿಯಲು ಇರುವ ಈ ಅಂಗ ಬೇರೆ ಯಾವ ಬೆನ್ನೆಲುಬಿನ ಪ್ರಾಣಿಗೂ ಇಲ್ಲ. ತಾಯಿ ಒದ್ದೆ ಮಣ್ಣಿನ ಗುಳಿಯಲ್ಲಿ ಮೊಟ್ಟೆಯಿಟ್ಟು ಸುತ್ತಿಕೊಂಡು ಕಾಯುತ್ತದೆ. ಮೊಟ್ಟೆಯೊಡೆದ ಮರಿಗಳು ಹತ್ತಿರದ ನೀರಿಗೆ ಇಳಿಯುತ್ತವೆ. ಅಡಕೆ ತೋಟದ ಹಟ್ಟಿಗೊಬ್ಬರ, ಕೊಳೆತ ಸೋಗೆ, ಪಕ್ಕದಲ್ಲೇ ಸುರಂಗದ ನೀರು: ಇದಕ್ಕೆ ಬೇಕಾದದ್ದೆಲ್ಲ ಅಲ್ಲಿದೆ. ತಿನ್ನುವುದು ಎರೆಹುಳ, ಗೆದ್ದಲು, ಕೀಟದ ಮರಿ. ಮನುಷ್ಯರಿಗೆ ಅಪಾಯವಿಲ್ಲ. ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಂಡರೆ ಉರಿಯಬಹುದು, ಅಷ್ಟೇ.

ಹಾಗಾದರೆ ನಿಜವಾದ ಸಲಮಾಂಡರ್ ಎಲ್ಲಿ? ಭಾರತದಲ್ಲಿ ಬಾಲವುಳಿಸಿಕೊಂಡ ಉಭಯಚರ ಎಂದರೆ ಟೈಲೋಟೋಟ್ರೈಟಾನ್ ಎಂಬ ಒಂದೇ ಕುಲ, ಅದೂ ಡಾರ್ಜಿಲಿಂಗ್‌ನಿಂದ ಮಣಿಪುರದವರೆಗಿನ ಬೆಟ್ಟಗಳಲ್ಲಿ ಮಾತ್ರ. ಡಾರ್ಜಿಲಿಂಗ್‌ನದ್ದನ್ನು ಬಹುಕಾಲ ಚೀನದ ಯುನ್ನಾನಿನ ಪ್ರಭೇದವೇ ಎಂದುಕೊಂಡಿದ್ದರು. 2015ರಲ್ಲಿ ಪೂರ್ವ ನೇಪಾಳದ ಮಾದರಿಗಳನ್ನು ಆಧರಿಸಿ ಟೈಲೋಟೋಟ್ರೈಟಾನ್ ಹಿಮಾಲಯಾನಸ್ ಎಂದು ಬೇರೆ ಮಾಡಿದರು. ಮಗಳ ಪ್ರಾಜೆಕ್ಟಿನಲ್ಲಿ ಈ ಹೆಸರೇ ಇರಲಿ, ಹಳೆಯ ಪುಸ್ತಕಗಳಲ್ಲಿರುವ ‘ವೆರುಕೋಸಸ್’ ಬೇಡ. ಗೇಣುದ್ದದ ಕಂದು ಮೈ, ಬೆನ್ನಿನ ಎರಡೂ ಬದಿ ಗುಳ್ಳೆಗಳ ಸಾಲು, ಅಡ್ಡ ಚಪ್ಪಟೆಯಾದ ಬಾಲ. ಮುಂಗಾರಿನ ಮೊದಲ ಮಳೆಗಳಿಗೆ ಬೆಟ್ಟದ ಕೆರೆಗಳಿಗೆ ಇಳಿದು ನೀರಿನ ಗಿಡಗಳಿಗೆ ಮೊಟ್ಟೆ ಅಂಟಿಸಿ, ಚಳಿಗೆ ಮುಂಚೆ ಮತ್ತೆ ಗುಡ್ಡ ಹತ್ತಿ ಕಲ್ಲು-ದಿಮ್ಮಿಗಳ ಅಡಿ ಸೇರಿ ತಿಂಗಳುಗಟ್ಟಲೆ ಉಪವಾಸ ಮಲಗುತ್ತದೆ. ಡಾರ್ಜಿಲಿಂಗ್ ಹತ್ತಿರದ ಜೋರೆಪೋಖ್ರಿ ಎಂಬ ಪುಟ್ಟ ಅಭಯಾರಣ್ಯ ಹೆಸರಾದದ್ದೇ ಈ ಜೀವಿಯಿಂದ.

ಗಮ್ಮತ್ತಿನ ಸಂಗತಿ ಒಂದಿದೆ. ಅದೇ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಚಿರತೆಬೆಕ್ಕೂ ಇದೆ, ನಿಮ್ಮ ತೋಟದ್ದೇ ಪ್ರಭೇದ. ಒಂದು ಪ್ರಾಣಿ ಹಿಮಾಲಯದ ತಪ್ಪಲಿಂದ ಕಾಸರಗೋಡಿನ ಬೈಲಿನವರೆಗೆ ಹರಡಿತು, ಇನ್ನೊಂದು ಬೆಟ್ಟ ಬಿಟ್ಟು ಕೆಳಗೆ ಇಳಿಯಲೇ ಇಲ್ಲ. ಯಾಕೆ ಎಂಬ ಪ್ರಶ್ನೆಗೆ ಉತ್ತರ ಬರೆದರೆ ಪ್ರಾಜೆಕ್ಟ್ ಮುಗಿದಂತೆ. ‘ಒಂದಕ್ಕೆ ರೋಮವಿದೆ, ಇನ್ನೊಂದಕ್ಕಿಲ್ಲ, ಒಂದು ಮರಿ ಹಾಕುತ್ತದೆ, ಇನ್ನೊಂದು ಮೊಟ್ಟೆಯಿಡುತ್ತದೆ’ ಎಂದು ಎರಡು ಕಾಲಂ ಮಾಡಿ ತುಂಬಿಸುವುದು ಹೋಲಿಕೆಯಲ್ಲ, ಪಟ್ಟಿ.

ಉತ್ತರ ಇರುವುದು ಚರ್ಮದಲ್ಲಿ. ಬೆಕ್ಕಿನ ಚರ್ಮ ಮುಚ್ಚಿದ ಬಾಗಿಲು. ಮೇಲ್ಪದರ ಸತ್ತ, ಗಟ್ಟಿ ಜೀವಕೋಶಗಳದ್ದು, ಅದರ ಮೇಲೆ ಎಣ್ಣೆ ಹಚ್ಚಿದಂಥ ರೋಮ. ಒಳಗಿನ ನೀರು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ಮೂತ್ರವನ್ನು ತೀರ ಗಟ್ಟಿ ಮಾಡಿ ಬಿಡುವುದರಿಂದ ಇಲಿಯ ಮಾಂಸದಲ್ಲಿರುವ ನೀರೇ ಅದಕ್ಕೆ ಬಹುಪಾಲು ಸಾಕಾಗುತ್ತದೆ. ಮೈಯ ಬಿಸಿ 38-39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಂತಿರುತ್ತದೆ, ಹೊರಗೆ ಹಿಮಾಲಯದ ಚಳಿಯಿರಲಿ, ಇಲ್ಲಿನ ಮೇ ತಿಂಗಳ ಸೆಕೆಯಿರಲಿ. ಆದರೆ ಆ ಒಲೆ ಆರದಂತೆ ದಿನಾ ಸೌದೆ ಹಾಕಬೇಕು. ಹಾಗಾಗಿ ಬೆಕ್ಕು ದಿನವೂ ಬೇಟೆಯಾಡಲೇಬೇಕು.

ಸಲಮಾಂಡರಿನ ಚರ್ಮ ತೆರೆದ ಬಾಗಿಲು. ಅದಕ್ಕೆ ಶ್ವಾಸಕೋಶ ಇದ್ದರೂ ಉಸಿರಿನ ದೊಡ್ಡ ಪಾಲು ಚರ್ಮದ ಮೂಲಕವೇ. ನೀರು ಕುಡಿಯುವುದೂ ಬಾಯಿಂದಲ್ಲ, ಚರ್ಮದಿಂದ. ಇದೆಲ್ಲ ನಡೆಯಬೇಕಾದರೆ ಚರ್ಮ ಸದಾ ತೆಳುವಾಗಿ, ಒದ್ದೆಯಾಗಿ ಇರಬೇಕು. ಒಣಗಿದರೆ ಉಸಿರು ಕಟ್ಟಿದಂತೆಯೇ. ಮೈಯ ಬಿಸಿ ಸುತ್ತಲಿನ ನೀರು-ಮಣ್ಣಿನಷ್ಟೇ. ಲಾಭವೂ ಇದೆ: ಒಲೆ ಉರಿಸುವ ಖರ್ಚಿಲ್ಲ, ಆದ್ದರಿಂದಲೇ ಚಳಿಗಾಲವಿಡೀ ಉಣ್ಣದೆ ಮಲಗಲು ಸಾಧ್ಯ. ತೆಳು ಚರ್ಮ ಶತ್ರುವಿಗೂ ಸುಲಭ ತಾನೆ? ಅದಕ್ಕೆ ಗುಳ್ಳೆಗಳಲ್ಲಿ ಕಹಿ ದ್ರವ. ಬೆಕ್ಕಿನ ರಕ್ಷಣೆ ಉಗುರು-ಹಲ್ಲು-ಓಟ, ಸಲಮಾಂಡರಿನದು ರುಚಿ ಕೆಡಿಸುವುದು. ಕಾಲು ಕಡಿದುಹೋದರೆ ಮೂಳೆ ಸಮೇತ ಮತ್ತೆ ಬೆಳೆಸಿಕೊಳ್ಳುವ ಶಕ್ತಿಯೂ ಸಲಮಾಂಡರುಗಳಿಗಿದೆ. ಬೆಕ್ಕಿಗೆ ಅದು ಆಗದ ಮಾತು. ಮಗಳು ಸಂಖ್ಯೆ ಇಷ್ಟಪಡುವವಳಾದರೆ ಇದನ್ನು ಸೇರಿಸಲಿ: ಬೆಕ್ಕಿನ ವಂಶವಾಹಿ ಪಠ್ಯ ಸುಮಾರು 250 ಕೋಟಿ ಅಕ್ಷರದ್ದು. 2018ರಲ್ಲಿ ಓದಿ ಮುಗಿಸಿದ ಮೆಕ್ಸಿಕೋದ ಆಕ್ಸಲಾಟಲ್ ಎಂಬ ಸಲಮಾಂಡರಿನದು 3,200 ಕೋಟಿ. ಪುಸ್ತಕ ದಪ್ಪವಿದ್ದ ಮಾತ್ರಕ್ಕೆ ಬುದ್ಧಿ ಹೆಚ್ಚೆಂದಲ್ಲ, ಅದರಲ್ಲಿ ಒಂದೇ ಸಾಲುಗಳ ಪುನರಾವರ್ತನೆ ಬಹಳ.

ಈಗ ಭೂಪಟ ಬಿಡಿಸಿ. ಸಲಮಾಂಡರುಗಳ ಮೂಲ ಉತ್ತರದ ಖಂಡಗಳು. ನಮ್ಮ ನೆಲ ಆಗ ದಕ್ಷಿಣದ ಗೊಂಡ್ವಾನಾ ಖಂಡದ ತುಂಡು. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದು ಬಂದು ಏಷ್ಯಕ್ಕೆ ತಾಗಿತು. ಆಮೇಲೆ ಸಲಮಾಂಡರ್ ಪೂರ್ವ ಹಿಮಾಲಯದವರೆಗೆ ಬಂತು, ಅಲ್ಲಿಂದ ಕೆಳಗೆ ಬಿಸಿಲ ಬಯಲು. ತೆರೆದ ಬಾಗಿಲಿನ ಚರ್ಮ ಹೊತ್ತು ಗಂಗೆಯ ಬಯಲು, ದಖ್ಖನ್ ದಾಟಿ ಪಶ್ಚಿಮ ಘಟ್ಟ ಮುಟ್ಟುವುದು ಸಾಧ್ಯವಾಗಲಿಲ್ಲ. ಬೆಕ್ಕು ತನ್ನ ಹವೆಯನ್ನು ಮೈಯಲ್ಲೇ ಹೊತ್ತು ನಡೆಯಿತು. ಸಿಸಿಲಿಯನ್ ಮಾತ್ರ ನಡೆಯಲೇ ಬೇಕಾಗಲಿಲ್ಲ, ಅದು ಗೊಂಡ್ವಾನಾದ ಹಳೆಯ ಒಕ್ಕಲು. ಆಫ್ರಿಕ, ಸೇಶೆಲ್ಸ್, ದಕ್ಷಿಣ ಅಮೆರಿಕಗಳಲ್ಲಿ ಅದರ ನೆಂಟರಿದ್ದಾರೆ. 2012ರಲ್ಲಿ ಉಭಯಚರಗಳ ವಿಜ್ಞಾನಿ ಎಸ್.ಡಿ. ಬಿಜು ಅವರ ತಂಡ ಈಶಾನ್ಯ ಭಾರತದಿಂದ ಸಿಸಿಲಿಯನ್‌ಗಳ ಹೊಸ ಕುಟುಂಬವೊಂದನ್ನೇ ವರ್ಣಿಸಿದಾಗ ಅದರ ಹತ್ತಿರದ ಬಂಧುಗಳು ಸಿಕ್ಕಿದ್ದು ಆಫ್ರಿಕದಲ್ಲಿ. ಸುರಂಗದ ಒದ್ದೆ ಮೂಲೆಯ ವಾರಸುದಾರಿಕೆ ಇಲ್ಲಿ ಅದರದ್ದು.

ತೋಟದ ಜಾಗ್ರತೆಯೂ ಇದೇ ಚರ್ಮದ ಲೆಕ್ಕದಲ್ಲೇ ನಡೆಯಬೇಕು. ಸಿಂಪಡಣೆಯ ವಿಷ ಬೆಕ್ಕಿಗೆ ಮುಖ್ಯವಾಗಿ ಹೊಟ್ಟೆಯ ದಾರಿಯಿಂದ ಸೇರುತ್ತದೆ. ಕಪ್ಪೆ, ಸಿಸಿಲಿಯನ್‌ಗಳಿಗೆ ಮೈಯೆಲ್ಲ ದಾರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಎಣ್ಮಕಜೆಯವರಿಗೆ ವಿಷದ ಬಗ್ಗೆ ಪಾಠ ಹೇಳುವುದು ಅಧಿಕಪ್ರಸಂಗ. ಹೆಲಿಕಾಪ್ಟರ್ ಸಿಂಪಡಣೆ ಮೊದಲೇ ನಿಂತಿತ್ತು, 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೇಶದಲ್ಲೆಲ್ಲ ಎಂಡೋಸಲ್ಫಾನಿಗೇ ತಡೆ ಬಿತ್ತು. ಇವತ್ತಿನ ಮಾತು ಬೋರ್ಡೋ ದ್ರಾವಣದ್ದು. ಕೊಳೆರೋಗಕ್ಕೆ ಅದನ್ನು ಬಿಡಲು ಆಗದು, ಬಿಡಬೇಕೆಂದೂ ಹೇಳುವುದಿಲ್ಲ. ಅಳತೆ ಸರಿಯಿರಲಿ: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಸುಣ್ಣದ ನೀರನ್ನು ಕದಡುತ್ತಾ ತುತ್ತಿನ ನೀರು ಸುರಿಯಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಸುಣ್ಣ ಹಳತಾಗಿ ಬಲ ಕಳೆದುಕೊಂಡಿದ್ದರೆ ಹೀಗಾಗುತ್ತದೆ. ಆ ಬಿಡಿ ತಾಮ್ರ ನಿಮ್ಮ ಅಡಕೆಯ ಹಿಂಗಾರವನ್ನೂ (ಹೂಗೊನೆ) ಸುಡುತ್ತದೆ, ನೀರಿಗೆ ಬಿದ್ದರೆ ಗೊದಮೊಟ್ಟೆಗಳನ್ನೂ ಕೊಲ್ಲುತ್ತದೆ. ಲೇಪ ಹೋಗುವವರೆಗೆ ಸುಣ್ಣದ ತಿಳಿ ಸೇರಿಸಿ. ಹೆಚ್ಚಿನ ಅನಾಹುತ ನಡೆಯುವುದು ಸಿಂಪಡಣೆಯಲ್ಲಲ್ಲ, ತೊಳೆಯುವಲ್ಲಿ. ಡ್ರಮ್ಮು, ಪೈಪು, ಸಿಂಪಡಿಸುವ ಪಂಪುಗಳನ್ನು ಸುರಂಗದ ಕೆರೆಯ ಕಟ್ಟೆಯಲ್ಲೇ ತೊಳೆದು ನೀರನ್ನು ಅದಕ್ಕೇ ಬಿಡುತ್ತಾರೆ. ತೊಳೆಯುವ ಜಾಗವನ್ನು ಕೆರೆ-ತೋಡುಗಳಿಂದ ದೂರ, ಇಳಿಜಾರಿಲ್ಲದ ಕಡೆ ಇಟ್ಟುಕೊಳ್ಳಿ.

ಕೆರೆಯ ಕೆಸರನ್ನು ಒಂದೇ ದಿನ ಪೂರ್ತಿ ಬಳಿಯಬೇಡಿ. ಅರ್ಧ ಈ ವರ್ಷ, ಅರ್ಧ ಬರುವ ವರ್ಷ. ತೆಗೆದ ಕೆಸರನ್ನು ಬಿಸಿಲಿಗೆ ಹರಡುವ ಬದಲು ಒಂದು ರಾತ್ರಿ ದಂಡೆಯ ನೆರಳಲ್ಲೇ ರಾಶಿ ಹಾಕಿಟ್ಟರೆ ಒಳಗಿದ್ದವು ತಾವಾಗಿ ನೀರಿಗೆ ಮರಳುತ್ತವೆ. ಸಿಸಿಲಿಯನ್ ಕೈಗೆ ಸಿಕ್ಕರೆ ಒದ್ದೆ ಮಾಡಿದ ಅಡಕೆ ಹಾಳೆಯಲ್ಲಿ ಎತ್ತಿ ನೆರಳಿನ ಸೋಗೆರಾಶಿಗೆ ಬಿಡಿ. ಒಣ ಕೈಯಲ್ಲಿ ಹಿಡಿದರೆ ಲೋಳೆ ಕಿತ್ತುಹೋಗುತ್ತದೆ. ಉಪ್ಪು, ಸುಣ್ಣ ಹಾಕಿ ‘ಓಡಿಸುವುದು’ ಎಂದರೆ ಕೊಲ್ಲುವುದೇ.

ಬೆಕ್ಕಿಗೆ ಬರುವ ಕುತ್ತು ಬೇರೆ. ಬ್ರೊಮಾಡಿಯೋಲೋನ್ ಸೇರಿದ ಇಲಿಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ತಿರುಗಾಡುತ್ತದೆ. ಬೆಕ್ಕಿಗೆ ಸುಲಭದ ತುತ್ತು, ಇಲಿಯ ಯಕೃತ್ತಿನಲ್ಲಿ ಉಳಿದ ವಿಷ ಬೆಕ್ಕಿನ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಹಿಡಿಯುವ ಪ್ರಾಣಿಯನ್ನೇ ಹೀಗೆ ಕಳಕೊಂಡರೆ ಮುಂದಿನ ವರ್ಷ ಎಳನೀರಿಗೂ ಕೊಕ್ಕೋಗೂ ಇಲಿಕಾಟ ಹೆಚ್ಚು. ಬೋನು ಇಡಿ. ಪಾಷಾಣ ಇಟ್ಟೇ ಆಗಬೇಕೆಂದಿದ್ದರೆ ಸತ್ತ, ಮಂಕಾದ ಇಲಿಗಳನ್ನು ದಿನಾ ಬೆಳಿಗ್ಗೆ ಹುಡುಕಿ ಹೂಳಿ. ಹಂದಿಗೆ ಇಟ್ಟ ಉರುಳಿಗೆ ಹಂದಿ-ಬೆಕ್ಕು ಎಂಬ ಭೇದವಿಲ್ಲ, ಉರುಳು ಕಾನೂನಿಗೂ ವಿರುದ್ಧ. ಚಿರತೆಬೆಕ್ಕು, ತುಕ್ಕುಚುಕ್ಕೆ ಬೆಕ್ಕು ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ.

ಕೋಳಿಯ ಮೇಲೆ ಚಿರತೆಬೆಕ್ಕಿಗೆ ಕಣ್ಣಿರುವುದು ನಿಜ. ಮುಸ್ಸಂಜೆಗೇ ಗೂಡು ಮುಚ್ಚಿ, ಬಲೆ ಅರ್ಧ ಇಂಚಿನ ಕಣ್ಣಿನದಾಗಿರಲಿ, ಬಾಗಿಲ ಸಂದಿ ಎರಡು ಬೆರಳು ಮೀರದಿರಲಿ. ತಲೆ ತೂರಿದಲ್ಲಿ ಬೆಕ್ಕಿನ ಮೈ ತೂರುತ್ತದೆ. ಗೂಡಿನ ಸುತ್ತ ಹತ್ತಡಿ ಬಲ್ಲೆ (ಪೊದೆ) ಸವರಿದರೆ ಹೊಂಚಲು ಮರೆ ಸಿಗದು. ಉಳಿದ ಕಡೆಯ ಬಲ್ಲೆಯನ್ನು ಹಾಗೇ ಬಿಡಿ.

ಹುಲ್ಲು ಹೆರೆಯುವಾಗ ಚಿರತೆಬೆಕ್ಕಿನ ಎರಡೋ ಮೂರೋ ಮರಿಗಳು ಸಿಗಬಹುದು. ಕಣ್ಣು ಬಿಡಲು ಹತ್ತು ದಿನ ಬೇಕು, ಅಲ್ಲಿಯವರೆಗೆ ‘ಅನಾಥ’ ಎಂಬಂತೆ ಕಾಣುತ್ತವೆ. ಅನಾಥವಲ್ಲ, ತಾಯಿ ಹತ್ತಿರದಲ್ಲೇ ಇದ್ದಾಳೆ. ಎತ್ತಬೇಡಿ, ಹಾಲು ಹಾಕಬೇಡಿ, ಆ ದಿನ ಆ ಭಾಗದ ಕೆಲಸ ನಿಲ್ಲಿಸಿ, ನಾಯಿ ಕಟ್ಟಿಹಾಕಿ. ರಾತ್ರಿಯಲ್ಲಿ ತಾಯಿ ಒಂದೊಂದಾಗಿ ಕುತ್ತಿಗೆ ಕಚ್ಚಿ ಬೇರೆಡೆಗೆ ಸಾಗಿಸುತ್ತಾಳೆ. ಮರುದಿನ ಬೆಳಿಗ್ಗೆಯೂ ಮರಿಗಳು ಅಲ್ಲೇ ಕೂಗುತ್ತಿದ್ದರೆ ಆಗ ಅರಣ್ಯ ಇಲಾಖೆಯವರನ್ನು ಕರೆಯಿರಿ.